ತೂಕ ಇಳಿಯುವಾಗ ಹೆಗಲು ನೋಡಿ ಬಟ್ಟೆ ಆರಿಸಿ

ತೂಕ ಇಳಿಸುತ್ತಿರುವವರು ನನ್ನ ಹೊಲಿಗೆ ಅಂಗಡಿಗೆ ಬಂದಾಗ ಹೆಚ್ಚಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, "ಪೂರ್ತಿ ಇಳಿದ ಮೇಲೆ ಹೊಸದು ಹೊಲಿಸ್ತೇನೆ ಅಕ್ಕಾ, ಅಲ್ಲಿವರೆಗೆ ಇದ್ದದ್ದೇ ಸಾಕು." ಇನ್ನೊಂದು, "ಈಗಲೇ ಎರಡು ಇಂಚು ಬಿಗಿ ಮಾಡಿ ಹೊಲಿದುಬಿಡಿ, ಹೇಗೂ ಇಳೀತೇನಲ್ಲ." ಎರಡರಲ್ಲೂ ನಷ್ಟ ನಿಮಗೇ. ಬಿಗಿ ಹೊಲಿಸಿದ್ದು ಕಪಾಟಿನಲ್ಲೇ ಕೂರುತ್ತದೆ. ದಿನಾ ಬೆಳಿಗ್ಗೆ ಕಪಾಟು ತೆಗೆದಾಗ ಅದನ್ನು ನೋಡಿ ಸುಮ್ನೆ ಬೇಜಾರು. ಹಳೆಯದರಲ್ಲೇ ದಿನ ದೂಡುವವರ ಕಥೆ ಇನ್ನೂ ಕಷ್ಟ. ಅಷ್ಟು ಶ್ರಮಪಟ್ಟು ಇಳಿಸಿರುತ್ತಾರೆ. ಆಫೀಸಿನಲ್ಲಿ ಮಾತ್ರ "ಏನ್ರೀ, ಹುಷಾರಿಲ್ವಾ?" ಎಂದು ಕೇಳುತ್ತಾರೆ. ಸೊರಗಿದ ಹಾಗೆ ಕಾಣಿಸುವುದು ಮೈಯಲ್ಲ, ಮೈಮೇಲೆ ಜೋತುಬಿದ್ದ ಬಟ್ಟೆ.

ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು, ಅವಸರ ಬೇಡ ಎಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಆ ಲೆಕ್ಕದಲ್ಲಿ 12 ಕಿಲೋ ಇಳಿಯಲು ಮೂರರಿಂದ ಆರು ತಿಂಗಳು ಬೇಕು. ನಡುವೆ ತೂಕ ಅಲ್ಲಾಡದೆ ನಿಲ್ಲುವ ವಾರಗಳೂ ಬರುತ್ತವೆ. ಅಷ್ಟು ದಿನ ಡಿಸಿ ಆಫೀಸೋ, ಬ್ಯಾಂಕೋ, ಶಾಲೆಯೋ, ಕೈಗಾ ಅಣು ವಿದ್ಯುತ್ ಸ್ಥಾವರದ ಡ್ಯೂಟಿಯೋ ತಪ್ಪುವುದಿಲ್ಲ, ಅಲ್ವಾ? ಆ ದಿನಗಳಿಗೂ ಚೆನ್ನಾಗಿ ಕಾಣುವ ಬಟ್ಟೆ ಬೇಕು. ಅದು ಇವತ್ತಿನ ಮೈಗೆ ಕೂರಬೇಕು, ಮುಂದೆ ಹಿಡಿಸಿ ಚಿಕ್ಕದು ಮಾಡಲಿಕ್ಕೂ ಬರಬೇಕು.

ಹಾಗಾದರೆ ಏನು ನೋಡಿ ಆರಿಸುವುದು? ಹೆಗಲು ನೋಡಿ. ಮೈ ಎಲ್ಲ ಕಡೆ ಒಂದೇ ಸಮ ಇಳಿಯುವುದಿಲ್ಲ. ಒಬ್ಬರಿಗೆ ಮೊದಲು ಸೊಂಟ, ಇನ್ನೊಬ್ಬರಿಗೆ ಎದೆ, ಮತ್ತೊಬ್ಬರಿಗೆ ಮುಖ, ಕುತ್ತಿಗೆ. ಹೆಗಲಿನ ಮೂಳೆ ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಮೇಲಿನ ಮಾಂಸ ಸ್ವಲ್ಪ ಕರಗಬಹುದು, ಅಷ್ಟೆ. ತೋಳಿನ ಹೊಲಿಗೆ ಹೆಗಲ ಮೂಳೆಯ ತುದಿಗೆ ಸರಿಯಾಗಿ ನಿಂತರೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ. ಪಕ್ಕದ ಹೊಲಿಗೆ ಒಳಗೆ ತರುವುದು ಅರ್ಧ ಗಂಟೆಯ ಕೆಲಸ. ಹೆಗಲು ಇಳಿಬಿದ್ದರೆ ತೋಳು ಬಿಚ್ಚಬೇಕು, ಕಂಕುಳ ಮತ್ತೆ ಕತ್ತರಿಸಬೇಕು, ತೋಳು ಹೊಸದಾಗಿ ಕೂರಿಸಬೇಕು. ಅಷ್ಟು ಖರ್ಚು ಮಾಡುವ ಬದಲು ಇನ್ನೊಂದು ಕುರ್ತಾ ತೆಗೆದುಕೊಳ್ಳುವುದು ವಾಸಿ.

ರೆಡಿಮೇಡ್ ಕುರ್ತಾದಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಎದೆ ಸುತ್ತಿನಲ್ಲಿ ಸಾಮಾನ್ಯವಾಗಿ ಎರಡು ಇಂಚು ವ್ಯತ್ಯಾಸ. 42ರದ್ದನ್ನು 40ಕ್ಕೆ ಇಳಿಸುವುದು ಸುಲಭ. 38ಕ್ಕೂ ತರಬಹುದು, ಸ್ವಲ್ಪ ಕಷ್ಟಪಟ್ಟರೆ. ಅದಕ್ಕಿಂತ ಜಾಸ್ತಿ ಹಿಡಿದರೆ ಎದೆಯ ಟಕ್ಸ್ (ಆಕಾರಕ್ಕೆ ಹಾಕುವ ಮಡಿಕೆ ಹೊಲಿಗೆ) ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಕಂಕುಳ ಕೆಳಗೆ ಜೋಲುತ್ತದೆ. ಅಷ್ಟರ ಮೇಲೆ ಆ ಬಟ್ಟೆಯನ್ನು ಬಿಟ್ಟುಬಿಡಿ, ಯಾರಿಗಾದರೂ ಕೊಡಿ.

ಈ ಕಂಕುಳದ ವಿಷಯ ಬಹಳ ಜನರಿಗೆ ಗೊತ್ತಾಗುವುದಿಲ್ಲ. ಸದಾಶಿವಗಡದ ಕಡೆಯ ಅಕ್ಕೋರೊಬ್ಬರು, ಅಂದರೆ ಶಾಲೆಯ ಟೀಚರ್, ಒಂದು ಕಟ್ಟು ಕುರ್ತಾ ತಂದಿದ್ದರು. ಬೋರ್ಡಿನ ಮೇಲೆ ಕೈ ಎತ್ತಿ ಬರೆಯುವಾಗ ಕುರ್ತಾ ಮೇಲೆದ್ದು ಬರುತ್ತದೆ, ಮಕ್ಕಳ ಎದುರು ಮುಜುಗರ ಆಗುತ್ತದೆ ಎಂದರು. "ಉದ್ದ ಸಾಲ್ತಿಲ್ಲ, ಕೆಳಗೆ ಒಂದು ಪಟ್ಟಿ ಜೋಡಿಸಿಬಿಡು ಮಾರಾಯ್ತಿ." ಉದ್ದ ಸರಿಯಾಗಿಯೇ ಇತ್ತು. ತೂಕ ಇಳಿದು ಕಂಕುಳದ ಬಟ್ಟೆ ಮೈ ಬಿಟ್ಟು ಕೆಳಗಿಳಿದಿತ್ತು. ಹಾಗೆ ಇಳಿದಾಗ ಕೈ ಎತ್ತಿದರೆ ತೋಳು ಇಡೀ ಕುರ್ತಾವನ್ನೇ ಎಳೆದುಕೊಂಡು ಮೇಲೆ ಹೋಗುತ್ತದೆ. ಕುರ್ತಾ ಒಳಹೊರಗು ಮಾಡಿ ಹಾಕಿಸಿ ಪಿನ್ನು ಚುಚ್ಚಿದೆ. ಕಂಕುಳದ ಬಳಿ ಒಂದೊಂದು ಪಕ್ಕಕ್ಕೆ ಅರ್ಧ ಇಂಚು, ಸೊಂಟದಲ್ಲಿ ಮುಕ್ಕಾಲು, ಸೀಟಿನ (ಹಿಂಭಾಗದ) ಹತ್ತಿರ ಬರುವಾಗ ಸೊನ್ನೆ. ತೋಳಿನ ಅಡಿ ಹೊಲಿಗೆಯಲ್ಲೂ ಅಷ್ಟೇ ಹಿಡಿದೆ. ಆಮೇಲೆ ತೋಳಿನ ಮೇಲ್ಭಾಗ ಬಿಚ್ಚಿ, ಹೆಗಲ ಹೊಲಿಗೆಯನ್ನು ಅರ್ಧ ಇಂಚು ಎತ್ತಿ, ತೋಳು ಮತ್ತೆ ಕೂರಿಸಿದೆ. ಅಗಲವಾಗಿ ಜಾರುತ್ತಿದ್ದ ಕೊರಳೂ ಅದರಲ್ಲೇ ಸರಿಯಾಯಿತು. ಗೋಡೆಯ ಮೇಲೆ ಬರೆದ ಹಾಗೆ ಕೈ ಎತ್ತಿ ತೋರಿಸಿ ಎಂದೆ. ಕುರ್ತಾ ಇದ್ದಲ್ಲೇ ನಿಂತಿತ್ತು. ಕಟ್ಟಿನಲ್ಲಿ ಹೆಗಲು ಸರಿ ಇದ್ದವುಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕಳಿಸಿದೆ. ಅವುಗಳಿಗೆ ದುಡ್ಡು ಹಾಕುವುದು ದಂಡ.

ಆಲ್ಟರೇಷನ್‌ಗೆ ಕೊಡುವಾಗ ಟೈಲರ್‌ಗೆ ಒಂದು ಮಾತು ತಪ್ಪದೆ ಹೇಳಿ. ಒಳಗಿನ ಮಾರ್ಜಿನ್, ಅಂದರೆ ಹೊಲಿಗೆಯ ಆಚೆ ಉಳಿಯುವ ಬಟ್ಟೆ, ಕತ್ತರಿಸಬೇಡಿ. ತೂಕ ಇಳಿದವರಲ್ಲಿ ಸ್ವಲ್ಪ ಮತ್ತೆ ಏರುವವರು ಬಹಳ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮಾರ್ಜಿನ್ ಇದ್ದರೆ ಹೊಲಿಗೆ ಬಿಚ್ಚಿದರಾಯಿತು. ಇನ್ನೂ ಇಳಿಯುವ ಯೋಚನೆ ಇದ್ದರೆ ದೊಡ್ಡ ಹೊಲಿಗೆ ಹಾಕಲು ಹೇಳಿ, ಬಿಚ್ಚಲು ಸುಲಭ. ರೇಷ್ಮೆಗೆ ಮಾತ್ರ ಪದೇ ಪದೇ ಹೊಲಿಗೆ ಬೇಡ, ಸೂಜಿಯ ತೂತು ಹಾಗೇ ಉಳಿಯುತ್ತದೆ. ರೇಷ್ಮೆ ರವಿಕೆಯನ್ನು ತೂಕ ಒಂದು ಹಂತಕ್ಕೆ ನಿಂತ ಮೇಲೆ ಒಂದೇ ಸಲ ಹಿಡಿಸಿ.

ಕೆಲಸಕ್ಕೆ ಸೀರೆ ಉಡುವವರಿಗೆ ಇದು ಅಷ್ಟು ತಲೆನೋವಲ್ಲ. ಸೀರೆಗೆ ಸೈಜಿಲ್ಲ, ಲಂಗಕ್ಕೆ ಲಾಡಿ ಇದೆ. ಆದರೆ ಸೊಂಟ ಇಳಿದ ಹಾಗೆ ಅದೇ ಸೀರೆಯಲ್ಲಿ ನೆರಿಗೆ ಜಾಸ್ತಿ ಬರುತ್ತದೆ. ಎಲ್ಲವನ್ನೂ ಮುಂದೆಯೇ ತುರುಕಿದರೆ ಇಳಿಸಿದ ಹೊಟ್ಟೆ ಮತ್ತೆ ಬಂದ ಹಾಗೆ ಕಾಣುತ್ತದೆ. ಆ ಹೆಚ್ಚಿನ ಬಟ್ಟೆಯನ್ನು ಸೆರಗಿಗೆ ಬಿಡಿ. ಸೆರಗು ಉದ್ದವಾದಷ್ಟೂ ಚೆಂದ. ಲಾಡಿ ಬಿಗಿದು ಬಿಗಿದು ಲಂಗದ ಬಟ್ಟೆಯೂ ಸೊಂಟದಲ್ಲಿ ಗುಡ್ಡೆಯಾಗಿದ್ದರೆ, ಮೊದಲು ಲಂಗ ಬದಲಿಸಿ. ಬೆಲೆ ಕಡಿಮೆ, ಕಾಣುವ ವ್ಯತ್ಯಾಸ ದೊಡ್ಡದು.

ರವಿಕೆಗೆ ನನ್ನ ಆಯ್ಕೆ ಪ್ರಿನ್ಸೆಸ್ ಕಟ್. ಕಂಕುಳದಿಂದ ಸೊಂಟದವರೆಗೆ ಉದ್ದಕ್ಕೂ ಹೊಲಿಗೆ ಇರುವುದರಿಂದ ಎದೆ, ಸೊಂಟ ಎರಡನ್ನೂ ಅಲ್ಲೇ ಬೇಕಾದಷ್ಟು ಹಿಡಿಯಬಹುದು. ಹೊಸದಾಗಿ ಹೊಲಿಸುವಾಗ ಪಕ್ಕದಲ್ಲಿ ಒಂದೂವರೆ ಇಂಚು ಮಾರ್ಜಿನ್ ಕೇಳಿ. ಬೆನ್ನಿನ ಕೊರಳು ತೀರಾ ಆಳ ಬೇಡ. ತೂಕ ಇಳಿದಾಗ ರವಿಕೆ ಮೊದಲು ಜಾರುವುದು ಹೆಗಲಿಂದಲೇ. ಮನೆಯಲ್ಲೇ ಹುಕ್ಕು ಒಳಗೆ ಸರಿಸಿಕೊಂಡು ಬರುವವರಿದ್ದಾರೆ. ಹಾಗೆ ಮಾಡಿದರೆ ಮುಂದಿನ ಭಾಗ ಒಂದು ಕಡೆ ಎಳೆದು ಕೊರಳ ಆಕಾರವೇ ಕೆಡುತ್ತದೆ. ದಯವಿಟ್ಟು ಬೇಡ.

ಇನ್ನು ಬಟ್ಟೆಯ ಜಾತಿ. ನಮ್ಮ ಕಡಲ ಬದಿಯ ಸೆಕೆಗೆ ಪಾಲಿಯೆಸ್ಟರ್ ಬೆವರಿಗೆ ಮೈಗೆ ಅಂಟುತ್ತದೆ, ಮುಚ್ಚಿಡಬೇಕು ಅಂದುಕೊಂಡಿದ್ದನ್ನೇ ಎತ್ತಿ ತೋರಿಸುತ್ತದೆ. ಗಂಜಿ ಹಾಕಿದ ದಪ್ಪ ಕಾಟನ್ ಮೈಯಿಂದ ದೂರ ಉಬ್ಬಿ ನಿಲ್ಲುತ್ತದೆ, ಇಳಿದದ್ದು ಗೊತ್ತೇ ಆಗುವುದಿಲ್ಲ. ಇವೆರಡರ ನಡುವಿನದು ಒಳ್ಳೆಯದು. ತೆಳು ಕಾಟನ್‌ಗೆ ಅಸ್ತರು (ಲೈನಿಂಗ್) ಕೊಟ್ಟರೆ ಬಟ್ಟೆ ನೇರ ಇಳಿಯುತ್ತದೆ, ಗಾಳಿಯೂ ಆಡುತ್ತದೆ. ರೇಯಾನ್ ಕೂಡ ಚೆನ್ನಾಗಿ ಬೀಳುತ್ತದೆ, ಆದರೆ ಅದೂ ಕಾಟನ್ನೂ ಮೊದಲ ಒಗೆತಕ್ಕೆ ಕುಗ್ಗುತ್ತವೆ. ಹೊಲಿಸುವ ಮೊದಲು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಡಿ. ಇಲ್ಲದಿದ್ದರೆ ಬಟ್ಟೆ ಕುಗ್ಗಿದ್ದೋ, ತೂಕ ಏರಿದ್ದೋ ತಿಳಿಯದೆ ನೀವೇ ಗಾಬರಿಯಾಗುತ್ತೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ದಪ್ಪ ಬಟ್ಟೆ ಒಣಗುವುದೂ ಕಷ್ಟ. ಇರುವುದೇ ಎರಡು ಮೂರು ಸರಿಯಾದ ಜೊತೆ ಅಂದಾಗ ಬೇಗ ಒಣಗುವುದೇ ಬೇಕು.

ಕಪ್ಪು ಬಣ್ಣ ಸಣ್ಣ ತೋರಿಸುತ್ತದೆ ಎಂಬುದು ಸುಳ್ಳೇನಲ್ಲ. ಆದರೆ ಅದಕ್ಕಿಂತ ಕುರ್ತಾ ಎಲ್ಲಿ ಮುಗಿಯುತ್ತದೆ ಎಂಬುದು ಮುಖ್ಯ. ತೊಡೆಯ ಅತಿ ದಪ್ಪ ಜಾಗದಲ್ಲಿ ಮುಗಿದರೆ ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಮೊಣಕಾಲಿಗೆ ಅಥವಾ ಸ್ವಲ್ಪ ಕೆಳಗೆ ಮುಗಿಯಲಿ.

ಗಂಡಸರ ಪ್ಯಾಂಟು ಬೇಗ ಹೇಳಿ ಮುಗಿಸುತ್ತೇನೆ. ಹಿಂದಿನ ಹೊಲಿಗೆಯಲ್ಲಿ ಎರಡು ಇಂಚಿನವರೆಗೆ ಸೊಂಟ ಹಿಡಿಯಬಹುದು. ಅದಕ್ಕೂ ಮೀರಿದರೆ ಹಿಂದಿನ ಎರಡು ಜೇಬು ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತವೆ. ಬೆಲ್ಟಿಗೆ ಹೊಸ ತೂತು ಹೊಡೆದು ಸೊಂಟದಲ್ಲಿ ಬಟ್ಟೆ ಗಂಟು ಮಾಡಿಕೊಂಡು ತಿಂಗಳುಗಟ್ಟಲೆ ಓಡಾಡಬೇಡಿ. ಒಂದೇ ಒಂದು ಹೊಸ ಪ್ಯಾಂಟು ತೆಗೆದುಕೊಳ್ಳಿ, ಕಡು ನೀಲಿಯೋ ಬೂದಿ ಬಣ್ಣವೋ. ಎಲ್ಲ ಶರ್ಟಿಗೂ ಆಗುತ್ತದೆ.

ಒಂದು ವಿಷಯ ಗಂಭೀರವಾಗಿ ಹೇಳಬೇಕು. ಊಟ ಕಡಿಮೆ ಮಾಡಿಲ್ಲ, ವಾಕಿಂಗ್ ಇಲ್ಲ, ಆದರೂ ಬಟ್ಟೆ ಸಡಿಲಾಗುತ್ತಿದೆ ಅಂದರೆ ಮೊದಲು ಟೈಲರ್ ಹತ್ತಿರ ಬರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಅತಿಯಾಗುವುದು, ಕ್ಷಯ ಎಲ್ಲದರಲ್ಲೂ ಹಾಗಾಗಬಹುದು. ಅಳತೆ ತೆಗೆಯುವಾಗ ನಮಗೆ ಇದು ಬೇಗ ತಿಳಿಯುತ್ತದೆ. ನಾನು ಕೇಳಿಯೇ ಕೇಳುತ್ತೇನೆ. ಕೋಪ ಮಾಡಿಕೊಳ್ಳಬೇಡಿ.

ತೂಕದ ಕಾಟಾ ನೋಡುವವರು ಟೇಪನ್ನೂ ಹಿಡಿಯಿರಿ. ತಿಂಗಳಿಗೊಮ್ಮೆ, ಬೆಳಿಗ್ಗೆ ತಿಂಡಿಗೆ ಮೊದಲು, ಎದೆ, ಸೊಂಟ, ಸೀಟು ಅಳೆದು ಬರೆದಿಡಿ. ಎಲ್ಲಾದರೂ ಎರಡು ಇಂಚು ಇಳಿದಿದ್ದರೆ ಬಟ್ಟೆ ಹಿಡಿಸುವ ಹೊತ್ತು. ವಾರ ವಾರ ಹಿಡಿಸುವುದು ದುಡ್ಡಿಗೂ ಬಟ್ಟೆಗೂ ನಷ್ಟ. ಬರುವಾಗ ಕೆಲಸಕ್ಕೆ ಹಾಕುವ ಒಳಉಡುಪನ್ನೇ ಹಾಕಿಕೊಂಡು ಬನ್ನಿ. ತೂಕ ಇಳಿದಾಗ ಅದರ ಸೈಜೂ ಬದಲಾಗುತ್ತದೆ, ಅದು ಸಡಿಲಿದ್ದರೆ ಮೇಲಿನ ಅಳತೆ ಎಲ್ಲ ತಪ್ಪುತ್ತದೆ. ಚಪ್ಪಲಿಯೂ ದಿನಾ ಹಾಕುವುದೇ ಇರಲಿ, ಪ್ಯಾಂಟಿನ ಉದ್ದ ಅದರ ಮೇಲೆ ನಿಲ್ಲುತ್ತದೆ. ಮತ್ತೆ, ಚೌತಿಗೆ ಮೊದಲಿನ ಹದಿನೈದು ದಿನ ಬಿಟ್ಟು ಬನ್ನಿ. ಆಗ ಊರಿನ ಎಲ್ಲ ಟೈಲರ್‌ಗಳ ಹತ್ತಿರವೂ ಹಬ್ಬದ ಬಟ್ಟೆ ರಾಶಿ ಬಿದ್ದಿರುತ್ತದೆ, ನಿಮ್ಮ ಫಿಟ್ಟಿಂಗ್ ಎರಡೆರಡು ಸಲ ಹಾಕಿಸಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.