ತಲೆನೋವಿಗೂ ನೀರಿಗೂ ಇರುವ ನಂಟು
ದೇಹದ ಯಾವ ಮೂಲೆಯಲ್ಲಿ ನೋವಾದರೂ ಅದನ್ನು ಅರಿಯುವುದು ಮಿದುಳು. ಆದರೆ ಮಿದುಳಿನ ಅಂಗಾಂಶಕ್ಕೆ ಸ್ವತಃ ನೋವು ತಿಳಿಯುವುದಿಲ್ಲ. ರೋಗಿ ಎಚ್ಚರವಾಗಿರುವಾಗಲೇ ಮಿದುಳಿನ ಶಸ್ತ್ರಚಿಕಿತ್ಸೆ ನಡೆಸಲು ಸಾಧ್ಯವಾಗುವುದು ಇದರಿಂದಲೇ. ತಲೆನೋವು ಹುಟ್ಟುವುದು ಮಿದುಳನ್ನು ಆವರಿಸಿದ ಪೊರೆಗಳಲ್ಲಿ, ಅಲ್ಲಿನ ರಕ್ತನಾಳಗಳಲ್ಲಿ ಹಾಗೂ ತಲೆ, ಕುತ್ತಿಗೆಯ ಸ್ನಾಯುಗಳಲ್ಲಿ.

ಸುಮಾರು 1,400 ಗ್ರಾಂ ತೂಗುವ ಮಿದುಳು ಬುರುಡೆಯೊಳಗೆ ತೇಲುತ್ತಿರುತ್ತದೆ. ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ಸುಮಾರು 150 ಮಿಲಿಲೀಟರ್ ದ್ರವವು ಅದರ ಭಾರವನ್ನು 50 ಗ್ರಾಂನಷ್ಟಕ್ಕೆ ಇಳಿಸಿಬಿಡುತ್ತದೆ. ಈ ಆಸರೆ ತಪ್ಪಿದರೆ ಏನಾಗುತ್ತದೆಂಬುದನ್ನು 1898ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಅನುಭವಿಸಿಯೇ ಕಂಡುಕೊಂಡರು. ಬೆನ್ನಿಗೆ ಸೂಜಿ ಚುಚ್ಚಿ ಕೊಡುವ ಬೆನ್ನುಹುರಿಯ ಅರಿವಳಿಕೆಯನ್ನು ತಮ್ಮ ಮೇಲೆಯೇ ಪರೀಕ್ಷಿಸಿಕೊಳ್ಳಲು ಹೊರಟಾಗ ಸಿರಿಂಜು ಸೂಜಿಗೆ ಸರಿಯಾಗಿ ಕೂರದೆ ದ್ರವ ಸೋರಿತು. ಮುಂದಿನ ದಿನಗಳಲ್ಲಿ ಎದ್ದು ಕುಳಿತರೆ ತಲೆಯಲ್ಲಿ ವಿಪರೀತ ಒತ್ತಡ, ಮಲಗಿದರೆ ಉಪಶಮನ. ಸೋರಿದ ದ್ರವವೇ ಇದಕ್ಕೆ ಕಾರಣವೆಂದು ಅವರು ಊಹಿಸಿದ್ದು ಸರಿಯಾಗಿತ್ತು.

ನಿರ್ಜಲೀಕರಣದಲ್ಲಿ ಹೀಗೆ ಸೋರಿಕೆಯಾಗುವುದಿಲ್ಲ. ಬೆವರಿನಲ್ಲೋ ವಾಂತಿ-ಭೇದಿಯಲ್ಲೋ ನೀರು ಹೋಗಿ ರಕ್ತದಲ್ಲಿ ಸೋಡಿಯಂ ಸಾಂದ್ರತೆ ಏರಿದಾಗ, ಉಪ್ಪು ಸವರಿದ ಸೌತೆಹೋಳು ನೀರು ಬಿಡುವ ಹಾಗೆ, ಮಿದುಳಿನ ಜೀವಕೋಶಗಳಿಂದ ನೀರು ಹೊರಬರುತ್ತದೆ. ಮಿದುಳು ತುಸು ಕುಗ್ಗಿ ಪೊರೆಗಳನ್ನು ಜಗ್ಗುವುದರಿಂದ ನೋವು ಬರುತ್ತದೆಂಬುದು ಹೆಚ್ಚಾಗಿ ಕೊಡುವ ವಿವರಣೆ. ವ್ಯಾಯಾಮ ಮಾಡಿ ಬೆವರಿಳಿಸಿದವರ ಎಂಆರ್‌ಐ ಚಿತ್ರಗಳಲ್ಲಿ ಮಿದುಳಿನೊಳಗಿನ ಕುಹರಗಳು, ಅಂದರೆ ದ್ರವ ತುಂಬಿದ ಟೊಳ್ಳುಗಳು, ಹಿಗ್ಗಿದ್ದು ಕಂಡಿದೆ; ಮಿದುಳು ಕುಗ್ಗಿದಾಗ ಹೀಗಾಗುತ್ತದೆ.

ಬಾಯಾರಿಕೆಯಾದಾಗ ಕುಡಿದರೆ ತಡವಾಯಿತೆಂಬ ಮಾತು ಆರೋಗ್ಯವಂತರ ಮಟ್ಟಿಗೆ ಸರಿಯಲ್ಲ. ರಕ್ತದ ಸಾಂದ್ರತೆ ಶೇ. 1–2ರಷ್ಟು ಏರಿದರೂ ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಅದನ್ನು ಗುರುತಿಸಿ, ನೀರನ್ನು ಉಳಿಸಿಕೊಳ್ಳುವಂತೆ ಹಾರ್ಮೋನಿನ ಮೂಲಕ ಮೂತ್ರಪಿಂಡಕ್ಕೆ ತಿಳಿಸುತ್ತದೆ, ಬಾಯಾರಿಕೆಯನ್ನೂ ಹುಟ್ಟಿಸುತ್ತದೆ. ವಯಸ್ಸಾದವರಲ್ಲಿ ಈ ಅರಿವು ಮಂದವಾಗುವುದರಿಂದ, ಬಿಸಿಲಿನಲ್ಲಿ ದುಡಿಯುವವರಿಗೆ ಬಾಯಾರಿಕೆಯನ್ನು ಅದುಮಿಟ್ಟುಕೊಳ್ಳುವುದು ರೂಢಿಯಾಗಿಬಿಡುವುದರಿಂದ, ಇವರು ಮಾತ್ರ ನೆನಪಿಟ್ಟುಕೊಂಡು ಆಗಾಗ ಕುಡಿಯಬೇಕು.

ಹಾಗೆಂದು ಲೀಟರ್‌ಗಟ್ಟಲೆ ಕುಡಿದರೆ ತಲೆನೋವೇ ಬಾರದೆನ್ನುವುದು ಅತಿಯಾಯಿತು. ಪದೇ ಪದೇ ತಲೆನೋವು ಬರುವವರ ಮೇಲೆ ನೆದರ್‌ಲೆಂಡ್ಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 1.5 ಲೀಟರ್ ಹೆಚ್ಚು ನೀರು ಕುಡಿಯಲು ಹೇಳಿಸಿಕೊಂಡವರಲ್ಲಿ ಶೇ. 47ರಷ್ಟು ಮಂದಿ ಗಮನಾರ್ಹ ಸುಧಾರಣೆಯಾಯಿತೆಂದರು. ಹಾಗೆ ಹೇಳಿಸಿಕೊಳ್ಳದ ಇನ್ನೊಂದು ಗುಂಪಿನಲ್ಲಿ ಹೀಗೆಂದವರು ಶೇ. 25. ಆದರೆ ತಲೆನೋವಿನ ದಿನಗಳನ್ನು ಎಣಿಸಿ ನೋಡಿದಾಗ ಅವು ಕಡಿಮೆಯಾದದ್ದು ಕಾಣಲಿಲ್ಲ. ಮೂತ್ರಪಿಂಡ ಹೊರಹಾಕಬಲ್ಲ ಮಿತಿಯನ್ನು, ಅಂದರೆ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟನ್ನು, ಮೀರಿ ಕುಡಿಯುತ್ತಲೇ ಹೋದರೆ ಸೋಡಿಯಂ ಇಳಿದು ಮಿದುಳು ಊದಿಕೊಳ್ಳುತ್ತದೆ, ಆಗ ಬರುವುದೂ ತಲೆನೋವೇ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ಶೇ. 13ರಷ್ಟು ಮಂದಿಯ ಸೋಡಿಯಂ ಮಟ್ಟ ಇಳಿದಿತ್ತು.

ಬೆವರಿ ದಣಿದಾಗಲೋ ಹೊತ್ತುಹೊತ್ತಿಗೆ ನೀರು ಕುಡಿಯದಿದ್ದಾಗಲೋ ಬಂದ ತಲೆನೋವಿಗೆ ನಿಧಾನವಾಗಿ ನೀರು ಕುಡಿದು, ನೆರಳಿನಲ್ಲಿ ವಿಶ್ರಮಿಸುವುದು ಒಳ್ಳೆಯ ಮೊದಲ ಉಪಾಯ. ದಿಢೀರನೆ ಸಿಡಿದಂತೆ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲಿನ ಬಲಹೀನತೆ ಅಥವಾ ಮಾತಿನ ತೊದಲು ಇದ್ದರೆ ನೀರು ಕುಡಿದು ಕಾಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.