ಬಿಡಬೇಕಾದವರು ಯಾರು?

ಡೇಟಾಬೇಸ್‌ನ ಕಮಾಂಡ್‌ಲೈನ್ ಕ್ಲೈಂಟ್‌ನಲ್ಲಿ (ಆಜ್ಞೆ ಟೈಪ್ ಮಾಡಿ ಡೇಟಾಬೇಸ್ ಜೊತೆ ವ್ಯವಹರಿಸುವ ಪ್ರೋಗ್ರಾಂನಲ್ಲಿ) ಮೆಮೊರಿ ಸೋರಿದರೆ, ಎಂದರೆ ಪಡೆದ ಮೆಮೊರಿಯನ್ನು ಬಿಟ್ಟುಕೊಡದೆ ಹೋದರೆ, ಏನಾದೀತು ಎಂದು ಕೇಳುವವರಿದ್ದಾರೆ. ಪ್ರೋಗ್ರಾಂ ಮುಗಿದೊಡನೆ ಆಪರೇಟಿಂಗ್ ಸಿಸ್ಟಂ ಎಲ್ಲವನ್ನೂ ಮರಳಿ ಪಡೆಯುತ್ತದಲ್ಲ! ನಾಲ್ಕು ಪ್ರಶ್ನೆ ಕೇಳಿ ಎದ್ದು ಹೋಗುವವರಿಗೆ ಈ ಮಾತು ಸರಿಯೇ. ಆದರೆ ಅದೇ ಕ್ಲೈಂಟ್‌ಗೆ ಹತ್ತು ಲಕ್ಷ ಆಜ್ಞೆಗಳ ಕಡತ ಕೊಟ್ಟು ನೋಡಿ. ಆಜ್ಞೆಯೊಂದಕ್ಕೆ 100 ಬೈಟ್ ಸೋರಿದರೂ ಕೊನೆಗೆ 100 ಮೆಗಾಬೈಟ್ ಹೋಗಿರುತ್ತದೆ.

ಸಿ ಭಾಷೆಯಲ್ಲಿ ಕೇಳಿ ಪಡೆದ ಮೆಮೊರಿಯನ್ನು ಪ್ರೋಗ್ರಾಂ ತಾನೇ ಬಿಟ್ಟುಕೊಡಬೇಕು. ಯಾರು ಬಿಡಬೇಕು ಎಂಬಲ್ಲೇ ತೊಡಕು. ಬಳಕೆದಾರ ಟೈಪ್ ಮಾಡಿದ ಸಾಲನ್ನು ರೀಡ್‌ಲೈನ್ ಲೈಬ್ರರಿ ಒಪ್ಪಿಸುತ್ತದೆ. ಅದನ್ನು ಬಿಡುವುದು ಪಡೆದವರ ಹೊಣೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಲೈಬ್ರರಿಯಲ್ಲಿ ಪಿಕ್ಯೂಗೆಟ್‌ವ್ಯಾಲ್ಯೂ ಫಂಕ್ಷನ್ ಕೊಡುವ ಪಾಯಿಂಟರ್ (ಮೆಮೊರಿಯ ವಿಳಾಸ) ಮಾತ್ರ ಫಲಿತಾಂಶದ ಸ್ವತ್ತು. ಅದನ್ನು ನಾವು ಬಿಟ್ಟುಕೊಡಬಾರದು. ಇಡೀ ಫಲಿತಾಂಶವನ್ನು ಪಿಕ್ಯೂಕ್ಲಿಯರ್ ಫಂಕ್ಷನ್‌ನಿಂದ ಒಮ್ಮೆಗೇ ಬಿಡಬೇಕು. ಪ್ರಶ್ನೆ ತಪ್ಪಾಗಿದ್ದರೂ ಒಂದು ಫಲಿತಾಂಶ ಬಂದಿರುತ್ತದೆ, ದೋಷದ ಸಂದೇಶ ಅದರೊಳಗಿರುತ್ತದೆ. ಸಂದೇಶ ಮುದ್ರಿಸಿ, ಅಲ್ಲಿಂದಲೇ ಫಂಕ್ಷನ್‌ನಿಂದ ಹೊರಬಿದ್ದರೆ ಆ ಫಲಿತಾಂಶ ಅನಾಥ. ಸರಿಯಾದ ಪ್ರಶ್ನೆಗಳಿಂದಲೇ ಪರೀಕ್ಷೆ ಮಾಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಸೋರಿಕೆ ಹುಡುಕಲು ವ್ಯಾಲ್‌ಗ್ರಿಂಡ್ ಎಂಬ ಸಾಧನವಿದೆ. ಅದು ಪ್ರತಿಯೊಂದು ಮೆಮೊರಿ ಬೇಡಿಕೆಯನ್ನೂ ಬರೆದಿಟ್ಟುಕೊಂಡು, ಪ್ರೋಗ್ರಾಂ ಮುಗಿಯುವಾಗ ಉಳಿದ ತುಂಡುಗಳತ್ತ ಬೊಟ್ಟು ಮಾಡುವ ಪಾಯಿಂಟರ್ ಎಲ್ಲಾದರೂ ಇದೆಯೇ ಎಂದು ಜಾಲಾಡುತ್ತದೆ. ದಾರಿಯೇ ಇಲ್ಲದಿದ್ದರೆ ಖಚಿತವಾಗಿ ಕಳೆದದ್ದು, ದಾರಿ ಇದ್ದರೆ ಇನ್ನೂ ಕೈಗೆಟಕುವಂಥದ್ದು. ಡೀಬಗ್ ಮಾಹಿತಿಯೊಂದಿಗೆ ಕಂಪೈಲ್ ಮಾಡಿದ್ದರೆ ಮೆಮೊರಿ ಪಡೆದ ಸಾಲಿನ ಸಂಖ್ಯೆಯೂ ಸಿಗುತ್ತದೆ. ಪ್ರೋಗ್ರಾಂ 20ರಿಂದ 30 ಪಟ್ಟು ನಿಧಾನವಾಗಬಹುದು, ಅಷ್ಟು ತಾಳ್ಮೆ ಬೇಕು. ಅವಸರದವರಿಗೆ ಲೀಕ್‌ಸ್ಯಾನಿಟೈಜರ್ ಎಂಬ ಇನ್ನೊಂದು ಸಾಧನವಿದೆ.

ರೀಡ್‌ಲೈನ್ ಇಟ್ಟುಕೊಂಡ ಹಳೆಯ ಆಜ್ಞೆಗಳ ಪಟ್ಟಿ ವ್ಯಾಲ್‌ಗ್ರಿಂಡ್ ವರದಿಯ ಎರಡನೆಯ, ಇನ್ನೂ ಕೈಗೆಟಕುವ, ಗುಂಪಿಗೆ ಸೇರುತ್ತದೆ. ಅದು ಸೋರಿಕೆಯಲ್ಲ. ಆದರೂ ವರದಿ ಉದ್ದವಾದಷ್ಟು ನಿಜವಾದ ಕಳ್ಳ ಅದರೊಳಗೆ ಅಡಗುತ್ತಾನೆ. ಗೊತ್ತಿದ್ದವನ್ನು ಮೊದಲೇ ಬದಿಗೆ ಸರಿಸುವ ಕಡತ ಬರೆದಿಡುವುದು ಮೇಲು. ಇನ್ನು ದೊಡ್ಡ ಕೋಷ್ಟಕ ಕೇಳಿದಾಗ ಮೈಎಸ್‌ಕ್ಯುಎಲ್ ಡೇಟಾಬೇಸ್‌ನ ಕ್ಲೈಂಟ್ ಉಬ್ಬುವುದು ಬೇರೆಯೇ ಕತೆ. ಅದು ಎಲ್ಲ ಸಾಲುಗಳನ್ನೂ ಮೊದಲು ತನ್ನಲ್ಲಿ ತುಂಬಿಕೊಳ್ಳುತ್ತದೆ. ಕ್ವಿಕ್ ಆಯ್ಕೆ ಕೊಟ್ಟರೆ ಒಂದೊಂದಾಗಿ ಓದುತ್ತದೆ.

ದುರಸ್ತಿ ಎಂದರೆ ಸಿಕ್ಕಲ್ಲೆಲ್ಲ ಫ್ರೀ (ಮೆಮೊರಿ ಬಿಡುವ ಫಂಕ್ಷನ್) ಸೇರಿಸುವುದಲ್ಲ. ಒಂದೇ ತುಂಡನ್ನು ಎರಡು ಬಾರಿ ಬಿಟ್ಟರೆ ಪ್ರೋಗ್ರಾಂ ಕುಸಿಯಬಹುದು. ಅದಕ್ಕಿಂತ ಸೋರಿಕೆಯೇ ವಾಸಿ. ಪಾಯಿಂಟರ್‌ಗಳನ್ನು ಆರಂಭದಲ್ಲೇ ಶೂನ್ಯವಾಗಿಸಿ, ಫಂಕ್ಷನ್‌ಗೆ ಒಂದೇ ನಿರ್ಗಮನ ಇಟ್ಟು, ಅಲ್ಲಿ ಎಲ್ಲವನ್ನೂ ಬಿಡಬೇಕು. ಶೂನ್ಯ ಪಾಯಿಂಟರ್ ಕೊಟ್ಟರೆ ಫ್ರೀ ಏನೂ ಮಾಡುವುದಿಲ್ಲವಾದ್ದರಿಂದ ದೋಷದ ಹಾದಿಯೂ ಅಲ್ಲಿಗೇ ಧೈರ್ಯವಾಗಿ ಬರಬಹುದು. ಬಳಿಕ ವ್ಯಾಲ್‌ಗ್ರಿಂಡ್ ಅಡಿಯಲ್ಲಿ ತಪ್ಪು ಪ್ರಶ್ನೆ ಕೇಳಿ, ನಡುವೆ ಕಂಟ್ರೋಲ್-ಸಿ ಒತ್ತಿ, ಸರ್ವರ್ ಸಂಪರ್ಕ ಕಡಿದು, ಮತ್ತೆ ವರದಿ ನೋಡಬೇಕು.