ಡ್ರಿಲ್‌ಗೆ ಸ್ಪಂಜಿನ ಚೆಂಡು ಸಿಕ್ಕಿಸಿ ಅಲಾಯ್ ವೀಲ್ ಉಜ್ಜಬಹುದಾ?

ಓದುಗರ ಪ್ರಶ್ನೆ: "ಕಾರಿಗೆ ಐದು ವರ್ಷ ಆಯ್ತು. ಅಲಾಯ್ ವೀಲ್ ಮಂಕಾಗಿವೆ. ಡ್ರಿಲ್‌ಗೆ ಸಿಕ್ಕಿಸುವ ಸ್ಪಂಜಿನ ಚೆಂಡು ಆನ್‌ಲೈನ್‌ನಲ್ಲಿ ಸಿಗುತ್ತೆ, ಮನೇಲಿ ಡ್ರಿಲ್ ಕೂಡ ಇದೆ. ಅದರಲ್ಲಿ ಪಾಲಿಶ್ ಮಾಡಿದರೆ ಹೊಸದರ ಹಾಗೆ ಹೊಳೆಯುತ್ತಾ? ಏನಾದರೂ ಕೆಡುತ್ತಾ?"

ಮಾಡಬಹುದು. ಆದರೆ ನಿಮ್ಮ ವೀಲಿನ ಮೈ ಎಂಥದ್ದು ಅಂತ ಗೊತ್ತಾಗುವ ತನಕ ಡ್ರಿಲ್ ಮುಟ್ಟಬೇಡಿ. ಈ ಪ್ರಶ್ನೆ ಕೇಳುವ ಹೆಚ್ಚಿನವರು ಸ್ಪಂಜು ಯಾವುದು, ಪಾಲಿಶ್ ಯಾವುದು, ಸ್ಪೀಡ್ ಎಷ್ಟು ಅಂತಲೇ ಶುರು ಮಾಡುತ್ತಾರೆ. ನಾನೂ ಹಾಗೇ ಶುರು ಮಾಡಿದ್ದೆ. ಗೆಳೆಯನ ಕಾರಿನ ಒಂದು ವೀಲ್ ಕೆಡಿಸಿದ ಮೇಲೆ ಬುದ್ಧಿ ಬಂತು. ಆ ಕತೆ ಮುಂದೆ ಹೇಳುತ್ತೇನೆ.

ಕಂಪನಿಯಿಂದ ಬಂದ ಅಲಾಯ್ ವೀಲ್ ಬೆಳ್ಳಿಯ ಹಾಗೆ ಕಂಡರೂ ನಿಮ್ಮ ಬೆರಳು ತಾಗುತ್ತಿರುವುದು ಲೋಹಕ್ಕಲ್ಲ. ಒಳಗಿರುವುದು ಅಲ್ಯೂಮಿನಿಯಂ. ಸಾಮಾನ್ಯವಾಗಿ ಅದರಲ್ಲಿ ಸುಮಾರು 7 ಪರ್ಸೆಂಟ್ ಸಿಲಿಕಾನ್, ಚೂರು ಮೆಗ್ನೀಷಿಯಂ ಬೆರೆತಿರುತ್ತೆ. ಅದರ ಮೇಲೆ ಪ್ರೈಮರ್, ಆಮೇಲೆ ಬೆಳ್ಳಿ ಬಣ್ಣ, ಕೊನೆಗೆ ತಿಳಿನೀರಿನಂಥ ಕ್ಲಿಯರ್ ಕೋಟ್. ಈ ಕೊನೆಯ ಪದರ ಸಾಧಾರಣವಾಗಿ 50 ಮೈಕ್ರಾನ್ ಆಸುಪಾಸು ಇರುತ್ತೆ. ಜೆರಾಕ್ಸ್ ಮಾಡಿಸುವ ಒಂದು ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಅಂದರೆ ನೀವು ಮಶೀನ್ ಹಿಡಿದು ಉಜ್ಜಲು ಹೊರಟಿರುವುದು ಅರ್ಧ ಹಾಳೆಯಷ್ಟು ತೆಳುವಾದ ಪದರವನ್ನು.

ಈಗ ಜಾಸ್ತಿ ಕಾಣುವ ಡೈಮಂಡ್ ಕಟ್ ವೀಲ್‌ಗಳಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಅವುಗಳ ಮುಖವನ್ನು ಲೇತ್‌ಗೆ ಕಟ್ಟಿ ನಯವಾಗಿ ಕಡೆದಿರುತ್ತಾರೆ. ಲೋಹದ ಗೆರೆಗಳು ಕಣ್ಣಿಗೇ ಕಾಣುತ್ತವೆ. ಆದರೆ ಅವುಗಳ ಮೇಲೂ ಕ್ಲಿಯರ್ ಕೋಟ್ ಇದೆ.

ನಿಜವಾಗಿ ಬರೀ ಲೋಹದ ಮೈ ಇರುವ ವೀಲ್‌ಗಳೂ ಇವೆ. ಹೊರಗಿನಿಂದ ಕೊಂಡು ಹಾಕಿಸಿದ ಕೆಲವು ಹಳೆಯ ಪಾಲಿಶ್ಡ್ ವೀಲ್‌ಗಳು, ಎರಡು ಮೂರು ಭಾಗ ಜೋಡಿಸಿ ಮಾಡಿದ ವೀಲ್‌ಗಳ ಹೊರ ಅಂಚು, ದೊಡ್ಡ ಟ್ರಕ್‌ಗಳ ಅಲ್ಯೂಮಿನಿಯಂ ವೀಲ್, ಇಂಥವು. ಡ್ರಿಲ್‌ಗೆ ಹಾಕುವ ಸ್ಪಂಜಿನ ಚೆಂಡನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಮದರ್ಸ್ ಕಂಪನಿಯ ಪವರ್‌ಬಾಲ್‌ನಂಥ ಸಾಮಾನುಗಳು. ಅದೇ ಕಂಪನಿಯ ಮೆಟಲ್ ಪಾಲಿಶ್‌ನ ಹೆಸರಿನಲ್ಲೇ 'ಮ್ಯಾಗ್' ಮತ್ತು 'ಅಲ್ಯೂಮಿನಂ' ಎರಡೂ ಇವೆ. ಮ್ಯಾಗ್ ಅಂದರೆ ಮೆಗ್ನೀಷಿಯಂ. ಹಿಂದೆ ರೇಸ್ ಕಾರುಗಳಿಗೆ ಆ ಲೋಹದ ವೀಲ್ ಇರುತ್ತಿತ್ತು. ನಮ್ಮಲ್ಲಿ ಬೈಕಿಗೆ 'ಮ್ಯಾಗ್ ವೀಲ್' ಅನ್ನುವ ಮಾತೂ ಅಲ್ಲಿಂದಲೇ ಬಂದದ್ದು, ಈಗ ಲೋಹ ಅಲ್ಯೂಮಿನಿಯಂ ಆದರೂ. ನಾನು ಹೇಳುವುದಿಷ್ಟೇ: ಚೆಂಡು ಮತ್ತು ಮೆಟಲ್ ಪಾಲಿಶ್ ಸೇರಿ ಪವಾಡ ಮಾಡುವ ವಿಡಿಯೋಗಳಲ್ಲಿ ಹೆಚ್ಚಾಗಿ ಇರುವುದು ಬರೀ ಲೋಹದ ವೀಲ್. ನಿಮ್ಮ ಮನೆಯ ಕಾರಿನದು ಬಹುತೇಕ ಅದಲ್ಲ.

ಹಾಗಾದರೆ ಕಂಡುಹಿಡಿಯುವುದು ಹೇಗೆ? ಒಂದು ಹಳೆಯ ಬಿಳಿ ಬನಿಯನ್ ಚೂರು ಸಾಕು. ಮೊದಲು ವೀಲನ್ನು ಶಾಂಪೂ ನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿ. ಇದನ್ನು ಬಿಟ್ಟರೆ ಬ್ರೇಕಿನ ಮಸಿಯೇ ಬಟ್ಟೆಗೆ ಹತ್ತಿ ನೀವು ತಪ್ಪು ತಿಳಿಯುತ್ತೀರಿ. ಆಮೇಲೆ ವೀಲಿನ ಮುಖದ ಮೇಲೇ, ವಾಲ್ವ್ ಪಕ್ಕ, ಕಣ್ಣಿಗೆ ಬೀಳದ ಒಂದು ಬೆರಳಗಲ ಜಾಗ ಆರಿಸಿ. ವೀಲಿನ ಹಿಂಬದಿ ಬೇಡ, ಅಲ್ಲಿನ ಬಣ್ಣವೇ ಬೇರೆ ಇರಬಹುದು. ಬೇಳೆ ಕಾಳಿನಷ್ಟು ಮೆಟಲ್ ಪಾಲಿಶ್ ಬಟ್ಟೆಗೆ ಹಚ್ಚಿ ಐದಾರು ಸಲ ಮೆಲ್ಲಗೆ ಉಜ್ಜಿ. ಬಟ್ಟೆಗೆ ಕಾಡಿಗೆ ಮೆತ್ತಿದ ಹಾಗೆ ಕಪ್ಪು ಬಂತೋ, ಅದು ಬರೀ ಲೋಹ. ಅಲ್ಯೂಮಿನಿಯಂ ಸವೆದಾಗ ಹಾಗೇ ಕಪ್ಪಾಗುತ್ತೆ. ಬಟ್ಟೆಯ ಮೇಲೆ ಪಾಲಿಶ್ ತನ್ನ ಬಣ್ಣದಲ್ಲೇ ಉಳಿಯಿತೋ, ಮೇಲೆ ಕ್ಲಿಯರ್ ಕೋಟ್ ಇದೆ. ಬೆಳ್ಳಿ ಬಣ್ಣವೋ ಬೂದಿ ಬಣ್ಣವೋ ಬಂದರೆ ಕ್ಲಿಯರ್ ಕೋಟ್ ಆಗಲೇ ಹೋಗಿದೆ, ಬಣ್ಣವೇ ಏಳುತ್ತಿದೆ. ಅಲ್ಲಿಗೆ ಕೈ ನಿಲ್ಲಿಸಿ.

ಈಗ ನಿಮ್ಮ 'ಮಂಕು' ಏನು ಅಂತ ನೋಡೋಣ. ಮುಂದಿನ ಎರಡು ವೀಲ್ ಹಿಂದಿನವಕ್ಕಿಂತ ಜಾಸ್ತಿ ಕಪ್ಪಾಗಿವೆ, ಅಲ್ವಾ? ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತೆ, ಹಾಗಾಗಿ ಮುಂದಿನ ಬ್ರೇಕ್‌ಗಳಿಗೇ ಕೆಲಸ ಜಾಸ್ತಿ. ನಮ್ಮಲ್ಲಿನ ಎಷ್ಟೋ ಕಾರುಗಳಲ್ಲಿ ಹಿಂದೆ ಡ್ರಮ್ ಬ್ರೇಕ್ ಬೇರೆ. ಅದರ ಪುಡಿ ಬಹುಪಾಲು ಡ್ರಮ್ಮಿನ ಒಳಗೇ ಉಳಿಯುತ್ತೆ. ಮುಂದಿನ ಡಿಸ್ಕ್ ಮತ್ತು ಪ್ಯಾಡ್ ತಿಕ್ಕಿಕೊಂಡು ಏಳುವ ಬಿಸಿ ಕಬ್ಬಿಣದ ಪುಡಿ ನೇರ ವೀಲಿಗೆ ಬಡಿದು, ಕ್ಲಿಯರ್ ಕೋಟ್‌ಗೆ ಕಚ್ಚಿಕೊಂಡು, ತುಕ್ಕು ಹಿಡಿಯುತ್ತೆ. ಇದು ಶಾಂಪೂವಿಗೆ ಹೋಗುವುದಿಲ್ಲ. ಅದರ ಮೇಲೆ ಸ್ಪಂಜು ತಿರುಗಿಸಿದರೆ ಆ ಪುಡಿಯೇ ಮರಳು ಕಾಗದದ ಕೆಲಸ ಮಾಡುತ್ತೆ.

ಅದಕ್ಕೆ ಬೇಕಾದ್ದು ಐರನ್ ರಿಮೂವರ್. ನೆರಳಲ್ಲಿ, ತಣ್ಣಗಿರುವ ವೀಲಿಗೆ ಸಿಂಪಡಿಸಿ ಎರಡು ನಿಮಿಷ ಕಾದರೆ ನೇರಳೆ ಹಣ್ಣಿನ ರಸ ಸುರಿದ ಹಾಗೆ ಬಣ್ಣ ಇಳಿಯುತ್ತೆ. ಅದರಲ್ಲಿರುವ ಥಯೋಗ್ಲೈಕೋಲೇಟ್ ಅನ್ನುವ ರಾಸಾಯನಿಕ ಕಬ್ಬಿಣವನ್ನು ಹಿಡಿದುಕೊಂಡಾಗ ಬರುವ ಬಣ್ಣ ಅದು. ವಾಸನೆ ಕೊಳೆತ ಮೊಟ್ಟೆಯ ಥರ, ಗಾಳಿ ಆಡುವ ಕಡೆ ಮಾಡಿ. ಒಣಗಲು ಬಿಡದೆ ತೊಳೆಯಿರಿ. ಬೋರ್‌ವೆಲ್ ನೀರಿನಲ್ಲಿ ತೊಳೆಯುವ ಮನೆಗಳಲ್ಲಿ ಬಿಳಿ ಚುಕ್ಕೆಗಳೂ ಕೂತಿರುತ್ತವೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಅವೂ ಬಹುಪಾಲು ಬಿಡುತ್ತವೆ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಯಾರು ಹೇಳಿದರೂ ಹಾಕಬೇಡಿ. ಅದು ಅಲ್ಯೂಮಿನಿಯಮ್ಮನ್ನೇ ತಿನ್ನುತ್ತೆ. ಇಷ್ಟು ಮಾಡಿ ಒಣಗಿಸಿ ನೋಡಿ. ಎಷ್ಟೋ ಜನರಿಗೆ ಕೆಲಸ ಇಲ್ಲಿಗೇ ಮುಗಿಯುತ್ತೆ, ಡ್ರಿಲ್ ಹೊರಗೆ ತೆಗೆಯುವುದೇ ಬೇಡ.

ಇಷ್ಟಾದ ಮೇಲೂ ಸಣ್ಣ ಗೀರು, ಮಬ್ಬು ಉಳಿದಿದ್ದರೆ ಆಗ ಚೆಂಡು ಸಿಕ್ಕಿಸಿ. ಸುಮಾರು 75 ಮಿ.ಮೀ. ಅಗಲದ ಚೆಂಡು ಅಂದುಕೊಳ್ಳಿ. ಅದರ ಸುತ್ತಳತೆ ಇಪ್ಪತ್ಮೂರೂವರೆ ಸೆಂಟಿಮೀಟರ್. ನಿಮಿಷಕ್ಕೆ 1,000 ಸುತ್ತಿನಲ್ಲಿ ಸ್ಪಂಜಿನ ಮೈ ವೀಲಿನ ಮೇಲೆ ನಿಮಿಷಕ್ಕೆ ಸುಮಾರು 235 ಮೀಟರ್ ಓಡುತ್ತೆ. ಮನೆಬಳಕೆಯ ವೈರ್ ಡ್ರಿಲ್‌ಗಳು ಪೂರ್ತಿ ಒತ್ತಿದರೆ 2,800 ಸುತ್ತಿನ ತನಕ ಹೋಗುತ್ತವೆ, ಅಂದರೆ 660 ಮೀಟರ್. ಅಷ್ಟು ಬೇಕಾಗಿಲ್ಲ. ಟ್ರಿಗರ್ ಮೇಲೆ ಸ್ಪೀಡ್ ತಿರುಪು ಇರುವ ಡ್ರಿಲ್ ಆದರೆ ಕಾಲು ಭಾಗದಿಂದ ಅರ್ಧದೊಳಗೆ ಇಡಿ. ಗೋಡೆ ಕೊರೆಯುವಾಗ ಕುಟ್ಟಲು ಇರುವ ಹ್ಯಾಮರ್ ಗುಂಡಿ ಆಫ್ ಆಗಿದೆಯಾ ಅಂತ ಎರಡು ಸಲ ನೋಡಿ. ಗ್ರೈಂಡರ್‌ಗೆ ಹಾಕುವ ಯೋಚನೆ ಇದ್ದರೆ ಈಗಲೇ ಬಿಡಿ. ಅದು ನಿಮಿಷಕ್ಕೆ 11,000 ಸುತ್ತು ತಿರುಗುತ್ತೆ, ಸ್ಪಂಜು ಹರಿದು ಮುಖಕ್ಕೆ ಹಾರುತ್ತೆ.

ಚೆಂಡಿನ ತುದಿ ಒತ್ತಿ ಹಿಡಿಯುವುದು ಎಲ್ಲರೂ ಮೊದಲು ಮಾಡುವ ತಪ್ಪು. ತುದಿ ಅಂದರೆ ತಿರುಗುವ ಅಚ್ಚು, ಅಲ್ಲಿ ವೇಗವೇ ಇಲ್ಲ. ಒಂದೇ ಜಾಗದಲ್ಲಿ ಗಿರಕಿ ಹೊಡೆದು ಸ್ಪಂಜು ಬಿಸಿಯಾಗುತ್ತೆ ಅಷ್ಟೇ. ಕೆಲಸ ಮಾಡುವುದು ಚೆಂಡಿನ ಕೆನ್ನೆ. ಡ್ರಿಲ್ಲನ್ನು ಓರೆಯಾಗಿ ಹಿಡಿದು ಕೆನ್ನೆಯನ್ನು ಸ್ಪೋಕ್ ಮೇಲೆ ಹಗುರವಾಗಿ ಇಟ್ಟು, ಹುಡುಗರು ಬಣ್ಣ ತುಂಬುವಾಗ ಬ್ರಷ್ ಆಡಿಸುತ್ತಾರಲ್ಲ, ಹಾಗೆ ಸರಿಸುತ್ತಾ ಇರಿ. ನಟ್ ಕೂರುವ ಕುಳಿಗಳಿಗೆ ಚೆಂಡು ಹೋಗುವುದಿಲ್ಲ, ಅಲ್ಲಿಗೆ ಕೋನ್ ಆಕಾರದ ಸ್ಪಂಜು. ಚೆಂಡನ್ನು ಕಚ್ಚಿ ಹಿಡಿಯುವ ಚಕ್‌ನ ಕಬ್ಬಿಣದ ಮೂತಿ ವೀಲಿಗೆ ತಾಗಿ ಗೀರದ ಹಾಗೆ ಅದಕ್ಕೆ ಹಳೆ ಬಟ್ಟೆಯ ಬದಲು ಟೇಪ್ ಸುತ್ತಿ. ಬಟ್ಟೆ ಬಿಚ್ಚಿಕೊಂಡರೆ ಸುತ್ತಿಕೊಳ್ಳುತ್ತೆ. ವಾಲ್ವ್ ಮತ್ತು ವೀಲ್ ಬ್ಯಾಲೆನ್ಸ್ ಮಾಡಲು ಅಂಟಿಸಿದ ತೂಕದ ತುಂಡುಗಳ ಹತ್ತಿರ ಕೈಯಲ್ಲೇ ಉಜ್ಜಿ.

ಇನ್ನು ಅಂಚು. ನನ್ನ ತಪ್ಪು ಆದದ್ದು ಅಲ್ಲೇ. ಗೆಳೆಯನದು ಐದು ಸ್ಪೋಕಿನ ಬೆಳ್ಳಿ ವೀಲ್. ನಾನು ಮೆಟಲ್ ಪಾಲಿಶ್ ಹಚ್ಚಿ, ಡ್ರಿಲ್ ಪೂರ್ತಿ ಸ್ಪೀಡಿನಲ್ಲಿ ಇಟ್ಟು, ಸ್ಪೋಕಿನ ಒಂದು ಮೂಲೆಯಲ್ಲಿದ್ದ ಗೀರನ್ನು ತೆಗೆಯಲು ನಿಂತೆ. ಅರ್ಧ ನಿಮಿಷಕ್ಕೆ ಗೀರು ಹೋಯಿತು. ಜೊತೆಗೆ ಐದು ರೂಪಾಯಿ ನಾಣ್ಯದಷ್ಟು ಜಾಗದ ಹೊಳಪೂ ಹೋಯಿತು. ಬೆರಳಾಡಿಸಿದರೆ ಸುತ್ತ ಗಾಜು, ನಡುವೆ ಸೀಮೆಸುಣ್ಣ. ಬಣ್ಣ ಬಳಿದಾಗ ಚೂಪು ಅಂಚಿನ ಮೇಲೆ ಪದರ ತೆಳುವಾಗಿ ನಿಲ್ಲುತ್ತೆ, ಸ್ಪಂಜಿನ ಒತ್ತಡವೆಲ್ಲ ಅಲ್ಲೇ ಬೀಳುತ್ತೆ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಆ ಚುಕ್ಕೆಯಿಂದ ಹೊರಟ ಬಿಳಿ ದಾರಗಳು ಕ್ಲಿಯರ್ ಕೋಟ್ ಒಳಗೇ ಹುಳುವಿನ ಹಾಗೆ ಹರಿದಿದ್ದವು. ಅವನು ಏನೂ ಅನ್ನಲಿಲ್ಲ. ನನಗೆ ಈಗಲೂ ಆ ವೀಲ್ ನೋಡಿದರೆ ಸಂಕಟ ಆಗುತ್ತೆ. ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿದ್ದರೆ, ಚೆಂಡು ಅಂಚಿನಿಂದ ಹೊರಕ್ಕೆ ತಿರುಗುವ ಹಾಗೆ ಹಿಡಿದಿದ್ದರೆ ಅದು ಆಗುತ್ತಿರಲಿಲ್ಲ.

ಹಾಗಾಗಿ ಕ್ಲಿಯರ್ ಕೋಟ್ ಇರುವ ವೀಲಿಗೆ ಮೆಟಲ್ ಪಾಲಿಶ್ ಬೇಡ, ಬ್ರಾಸೋ ಬೇಡ, ಪಾತ್ರೆ ಬೆಳಗುವ ಪುಡಿಯಂತೂ ಬೇಡವೇ ಬೇಡ. ಕಾರಿನ ಬಣ್ಣಕ್ಕೆ ಹಾಕುವ ನಯವಾದ ಫಿನಿಶಿಂಗ್ ಪಾಲಿಶ್ ತನ್ನಿ. ಕಡಲೆಕಾಳಿನಷ್ಟು ಹಾಕಿ, ಮೊದಲು ಡ್ರಿಲ್ ಆಫ್ ಇದ್ದಾಗಲೇ ಸ್ಪಂಜಿನಿಂದ ಸವರಿ ಹರಡಿ. ಇಲ್ಲದಿದ್ದರೆ ಅರ್ಧ ಪಾಲಿಶ್ ಗೋಡೆಗೆ ಹೋಗುತ್ತೆ. ಒಂದು ಅಂಗೈ ಅಗಲದ ಜಾಗಕ್ಕೆ ನಾಲ್ಕೈದು ಸಲ ಆಡಿಸಿ, ಒರೆಸಿ, ಬೆರಳು ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಬಿಸಿ ಅನ್ನಿಸಿದರೆ ಜಾಸ್ತಿ ಒತ್ತುತ್ತಿದ್ದೀರಿ.

ಬರೀ ಲೋಹದ ವೀಲ್ ಆದರೆ ಧೈರ್ಯವಾಗಿ ಮೆಟಲ್ ಪಾಲಿಶ್ ಹಾಕಿ. ಕಪ್ಪು ಲೇಪ ಏಳಬೇಕು, ಏಳುತ್ತಿದ್ದರೆ ಕೆಲಸ ನಡೆಯುತ್ತಿದೆ. ಅದು ಒಣಗುವ ಮೊದಲೇ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಚೂರು ಹಾಕಿ. ಎರಡು ಮೂರು ಸುತ್ತಿಗೆ ನಿಮ್ಮ ಮುಖ ಅದರಲ್ಲಿ ಕಾಣುತ್ತೆ. ಗೀರು ಆಳವಾಗಿದ್ದರೆ ಮೊದಲು 800, ಆಮೇಲೆ 1,500, ಆಮೇಲೆ 2,000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಕೈಯಲ್ಲಿ ಹಿಡಿದು ಒದ್ದೆ ಮಾಡಿ ಉಜ್ಜಬೇಕು. ಸ್ಪಂಜಿಗೆ ಅಷ್ಟು ಕಡಿಯುವ ಶಕ್ತಿ ಇಲ್ಲ. ಕೊನೆಗೆ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಲೇಬೇಕು. ಬರೀ ಅಲ್ಯೂಮಿನಿಯಂ ಗಾಳಿಗೆ ಮತ್ತೆ ಮಂಕಾಗುತ್ತೆ, ಮತ್ತೆ ಉಜ್ಜುವ ಕೆಲಸ ಇದ್ದೇ ಇರುತ್ತೆ. ಲೋಹಕ್ಕೆ ಬಳಸಿದ ಚೆಂಡನ್ನು ಕ್ಲಿಯರ್ ಕೋಟ್ ಮೇಲೆ ಎಂದೂ ಇಡಬೇಡಿ, ತೊಳೆದಿದ್ದರೂ ಸರಿಯೇ. ಎರಡು ಬೇರೆ ಬೇರೆ ಇಟ್ಟುಕೊಳ್ಳಿ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಒಂದು ಮಾತು. ನಾನು ಹೇಳಿದ ಆ ಬಿಳಿ ದಾರ ನಿಮ್ಮ ವೀಲಿನಲ್ಲಿ ಆಗಲೇ ಕಾಣುತ್ತಿದ್ದರೆ ಪಾಲಿಶ್‌ನಿಂದ ಹೋಗುವುದಿಲ್ಲ. ಕಡಲ ಉಪ್ಪು ಒಂದು ಸಣ್ಣ ತರಚಿನ ಮೂಲಕ ಒಳಗೆ ಇಳಿದು, ಕ್ಲಿಯರ್ ಕೋಟ್ ಅಡಿಯಲ್ಲಿ ಲೋಹವನ್ನು ತಿನ್ನುತ್ತಿದೆ. ಕೊಳೆ ಇರುವುದು ಗಾಜಿನ ಒಳಬದಿಗೆ, ನೀವು ಹೊರಗೆ ಒರೆಸಿದರೆ ಏನು ಬಂತು? ಹಳೆ ಪದರ ತೆಗೆಸಿ ಹೊಸದಾಗಿ ಬಣ್ಣ ಹಾಕಿಸುವುದೇ ದಾರಿ. ಫುಟ್‌ಪಾತ್ ಕಲ್ಲಿಗೆ ತರಚಿದ ಆಳದ ಗಾಯಕ್ಕೂ ಹಾಗೇ. ಡೈಮಂಡ್ ಕಟ್ ವೀಲನ್ನು ಮತ್ತೆ ಲೇತ್‌ಗೆ ಕೊಡಬಹುದು, ಆದರೆ ಪ್ರತಿ ಸಲ ಲೋಹ ಸವೆಯುತ್ತೆ, ಹಾಗಾಗಿ ಪದೇ ಪದೇ ಮಾಡಿಸುವ ಹಾಗಿಲ್ಲ. ಸ್ಟೀಲ್ ವೀಲಿನ ಮೇಲಿನ ಪ್ಲಾಸ್ಟಿಕ್ ಕ್ಯಾಪ್‌ಗೆ ಡ್ರಿಲ್ ಹಿಡಿಯಲೇಬೇಡಿ, ಕರಗಿ ಮೆತ್ತಿಕೊಳ್ಳುತ್ತೆ.

ಕೆಲಸಕ್ಕೆ ಕೂರುವ ಮುಂಚೆ ನೆಲ ಒಣಗಿರಲಿ. ಈಗಷ್ಟೇ ಗಾಡಿ ತೊಳೆದ ನೀರಿನಲ್ಲಿ ನಿಂತು ವೈರ್ ಡ್ರಿಲ್ ಹಿಡಿಯುವುದು ಪ್ರಾಣಕ್ಕೇ ಅಪಾಯ. ಕನ್ನಡಕ ಹಾಕಿ, ದುಪಟ್ಟಾ, ಸಡಿಲ ತೋಳು, ಉದ್ದ ಕೂದಲು ಕಟ್ಟಿಕೊಳ್ಳಿ. ವೀಲ್ ಬಿಚ್ಚುವುದೇ ಆದರೆ ಬರೀ ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಬಿಚ್ಚದೆ ಮಾಡುವುದಾದರೆ ಸ್ಪೋಕ್‌ಗಳ ಸಂದಿಯಲ್ಲಿ ಕಾಣುವ ಬ್ರೇಕ್ ಡಿಸ್ಕ್‌ಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಪಾಲಿಶ್‌ನಲ್ಲಿ ಎಣ್ಣೆ ಅಂಶ ಇರಬಹುದು, ಅದು ಡಿಸ್ಕ್‌ಗೆ ತಾಗಿದರೆ ಬ್ರೇಕ್ ಜಾರುತ್ತೆ. ಎಲ್ಲ ಮುಗಿದ ಮೇಲೆ ಆ ಹಾಳೆ ತೆಗೆಯಲು ಮರೆಯಬೇಡಿ. ಗೇಟಿನ ಒಳಗೇ ನಡೆಯುವ ವೇಗದಲ್ಲಿ ಎರಡು ಮೂರು ಸಲ ಬ್ರೇಕ್ ಒತ್ತಿ, ಗಾಡಿ ಮೊದಲಿನ ಹಾಗೇ ಗಟ್ಟಿಯಾಗಿ ನಿಲ್ಲುತ್ತಾ ನೋಡಿ, ಆಮೇಲೆ ರಸ್ತೆಗೆ ಇಳಿಸಿ.